ಹೂವಿನ ಬಟ್ಟೆಯ ಹೆಂಗಸು

ಟೈಲರಮ್ಮನಿಗೆ ಬಟ್ಟೆಯ ಚೂರು ಎಸೆಯುವುದೆಂದರೆ ಕರುಳು ಕಿತ್ತು ಬಂದ ಹಾಗೆ. ಮೂವತ್ತೈದು ವರ್ಷ ಹೊಲಿಗೆ ಮೆಷಿನ್ನು ತುಳಿದವಳು. ಅಂಗೈಯಗಲ ಉಳಿದರೂ ಮಡಿಸಿ ಚೀಲಕ್ಕೆ ತುಂಬುವಳು. ಮಂಚದ ಕೆಳಗೆ ಅಂಥ ಚೀಲಗಳು ಏಳಿದ್ದವು. ಇಲಿ ಬಂದು ಮರಿ ಹಾಕುತ್ತದೆ ಎಂದು ಮಗ ಗೊಣಗಿದರೆ, ಹಾಕಲಿ ಬಿಡು, ಮರಿಗೂ ಒಂದು ಕುಲಾವಿ ಹೊಲಿದುಕೊಡುತ್ತೇನೆ ಎನ್ನುವಳು. ಬಾಯಲ್ಲಿ ಅವಳನ್ನು ಸೋಲಿಸುವವರು ಆ ಬೀದಿಯಲ್ಲಿ ಇನ್ನೂ ಹುಟ್ಟಿರಲಿಲ್ಲ.

ಚೂರುಗಳಿಗೆ ಅವಳು ಕಂಡುಕೊಂಡ ದಾರಿ ಭಾನುವಾರದ ಕ್ಲಾಸು. ಚರ್ಚಿನ ಹಿಂದಿನ ಕೋಣೆಯಲ್ಲಿ ಇಪ್ಪತ್ತೆರಡು ವರ್ಷದಿಂದ ಮಕ್ಕಳಿಗೆ ಬೈಬಲ್ಲಿನ ಕಥೆ ಹೇಳುತ್ತಿದ್ದಳು. ಉಣ್ಣೆಬಟ್ಟೆ ಹೊದಿಸಿದ ಒಂದು ಹಲಗೆ ಇತ್ತು. ಚೂರುಗಳಲ್ಲಿ ಮನುಷ್ಯರನ್ನೋ ಕುರಿಗಳನ್ನೋ ಕತ್ತರಿಸಿ, ಬೆನ್ನಿಗೆ ಮರ ಉಜ್ಜುವ ಉಪ್ಪುಕಾಗದ ಅಂಟಿಸಿ ಒತ್ತಿದರೆ ಹಲಗೆಗೆ ಕಚ್ಚಿಕೊಂಡು ನಿಲ್ಲುತ್ತಿದ್ದವು. ದೋಣಿ ಕಟ್ಟಿದ ಮುದುಕನ ನಿಲುವಂಗಿ ಯಾರದೋ ಮನೆಯ ಕಿಟಕಿ ಪರದೆಯದು. ದೈತ್ಯನ ಚಲ್ಲಣ ಪೊಲೀಸಿನವನೊಬ್ಬನ ಹಳೆಯ ಪ್ಯಾಂಟಿನದು. ಮಕ್ಕಳು ಬಾಯಿ ಬಿಟ್ಟುಕೊಂಡು ಕೂತಿರುತ್ತಿದ್ದವು. ಅವರ ನಡುವೆ ಏಳು ವರ್ಷದ ಮೊಮ್ಮಗಳು ಚೂಟಿಯೂ ಇರುತ್ತಿದ್ದಳು.

ಆ ಭಾನುವಾರದ ಕಥೆ ಸಾಹುಕಾರನದು ಮತ್ತು ಅವನ ಬಾಗಿಲಲ್ಲಿ ಬಿದ್ದಿದ್ದ ಭಿಕ್ಷುಕನದು. ಹುಣ್ಣು ಹಿಡಿದ ಭಿಕ್ಷುಕ ಸತ್ತ, ದೇವದೂತರು ಎತ್ತಿಕೊಂಡು ಹೋದರು. ಸಾಹುಕಾರನೂ ಸತ್ತ. ಅವನು ಕಣ್ಣು ಬಿಟ್ಟದ್ದು ಬೆಂಕಿಯಲ್ಲಿ. ಬೆರಳ ತುದಿ ನೀರಲ್ಲಿ ಅದ್ದಿ ನನ್ನ ನಾಲಗೆಗೆ ತಾಕಿಸಲು ಯಾರನ್ನಾದರೂ ಕಳಿಸಿ ಎಂದು ಗೋಗರೆದ. ಆಗುವುದಿಲ್ಲ, ನಡುವೆ ದಾಟಲಾಗದ ಕಂದಕವಿದೆ ಎಂದು ಉತ್ತರ ಬಂತು.

ಹಿಂದಿನ ಸಂಜೆ ಹಲಗೆಗೆ ಬೆಂಕಿ ಕತ್ತರಿಸಿ ಸಾಹುಕಾರನನ್ನು ನಿಲ್ಲಿಸಿ ನೋಡಿದಾಗ ಟೈಲರಮ್ಮನಿಗೆ ಬೆಂಕಿ ಖಾಲಿಖಾಲಿಯಾಗಿ ಕಂಡಿತ್ತು. ಗಂಡಸರೇ ನರಕಕ್ಕೆ ಹೋಗುವುದು ಎಂದು ಹುಡುಗಿಯರು ತಿಳಿದುಕೊಂಡರೆ? ಹೆಂಗಸರೇನು ಕಮ್ಮಿಯೇ? ಚೀಲಕ್ಕೆ ಕೈ ಹಾಕಿದಳು. ಹಳದಿಯ ಮೇಲೆ ನೀಲಿ ಹೂವಿನ ಚೂರು ಬಂತು. ಒಂದು ಗಳಿಗೆ ಅದನ್ನು ಹಿಡಿದುಕೊಂಡೇ ಕೂತಿದ್ದಳು. ಆಮೇಲೆ ಕತ್ತರಿ ಆಡಿಸಿದಳು.

ಆ ಬಟ್ಟೆಯಲ್ಲಿ ಅವಳು ಎರಡು ವರ್ಷದ ಹಿಂದೆ ಒಂದು ಗೌನು ಹೊಲಿದಿದ್ದಳು, ಬೀಗಿತ್ತಿಗೆ, ಎಂದರೆ ಸೊಸೆಯ ತಾಯಿಗೆ. ಆಕೆ ಆಸ್ಪತ್ರೆಯಲ್ಲಿ ಆಯಾ ಆಗಿದ್ದವಳು. ಯಾವ ದೇವರ ಹೊಸಿಲನ್ನೂ ತುಳಿದವಳಲ್ಲ. ಟೈಲರಮ್ಮ ಚರ್ಚಿಗೆ ಕರೆದಾಗಲೆಲ್ಲ, ನನಗೆ ಭಾನುವಾರವೂ ಡ್ಯೂಟಿ, ನಿಮ್ಮ ದೇವರಿಗಾದರೂ ವಾರಕ್ಕೊಂದು ರಜೆ ಇದೆ ಎಂದು ನಗುತ್ತಿದ್ದಳು. ಆ ನಗು ಟೈಲರಮ್ಮನಿಗೆ ಮುಳ್ಳಿನ ಹಾಗೆ ಚುಚ್ಚುತ್ತಿತ್ತು. ಆಯಾ ಸತ್ತು ನಾಲ್ಕು ತಿಂಗಳಾಗಿತ್ತು. ಮೊಮ್ಮಗಳ ಓದುವ ಮೇಜಿನ ಮೇಲಿನ ಗೋಡೆಯಲ್ಲಿ ಅದೇ ಗೌನು ತೊಟ್ಟು ನಗುತ್ತಿರುವ ಆಕೆಯ ಫೋಟೋ ಇತ್ತು. ಫೋನು ಕೆಟ್ಟು ಅದರೊಳಗಿನದೆಲ್ಲ ಅಳಿಸಿಹೋಗಿದ್ದರಿಂದ ಸೊಸೆಗೆ ತಾಯಿಯದೆಂದು ಉಳಿದಿದ್ದ ಒಳ್ಳೆಯ ಫೋಟೋ ಅದೊಂದೇ. ಮಗ ಅದನ್ನು ಮೊದಲೇ ಆಫೀಸಿನ ಪ್ರಿಂಟರಿನಲ್ಲಿ ಸಾಧಾರಣ ಕಾಗದದ ಮೇಲೆ ತೆಗೆಸಿ, ಕಟ್ಟು ಹಾಕಿಸುತ್ತೇನೆ, ನಾಳೆ ಹಾಕಿಸುತ್ತೇನೆ ಎನ್ನುತ್ತಲೇ ಇದ್ದ.

ಕ್ಲಾಸಾದ ಒಂದು ವಾರಕ್ಕೆ ಆ ಫೋಟೋದ ತುಟಿ ಮಾಸತೊಡಗಿತು. ಗೋಡೆಗೆ ತೇವ ಬಂದಿದೆ ಎಂದು ಸೊಸೆ, ಗೋಡೆ ಒಣಗಿಯೇ ಇದೆಯಲ್ಲ ಎಂದು ಮಗ. ಕಟ್ಟು ಹಾಕಿಸದ ಸೋಮಾರಿಗೆ ಗೋಡೆಯ ಚಿಂತೆ ಏಕೆ ಎಂದು ಸೊಸೆ ಬೈದು, ರಾತ್ರಿಯ ಊಟಕ್ಕೆ ಕೂತವನು ತಟ್ಟೆಯಿಂದ ತಲೆ ಎತ್ತದ ಹಾಗೆ ಮಾಡಿದಳು.

ಸೊಸೆಗೆ ಔಷಧಿ ಅಂಗಡಿಯಲ್ಲಿ ಕೆಲಸ. ಒಂದು ದಿನ ತಲೆನೋವೆಂದು ಮಧ್ಯಾಹ್ನವೇ ಮನೆಗೆ ಬಂದಳು. ಚೂಟಿ ಕುರ್ಚಿಯ ಮೇಲೆ ನಿಂತಿದ್ದಳು. ಎಡಗೈಯಲ್ಲಿ ಸ್ಟೀಲಿನ ಲೋಟ. ಬಲಗೈ ಬೆರಳನ್ನು ನೀರಲ್ಲಿ ಅದ್ದಿ, ಫೋಟೋದ ಬಾಯಿಗೆ ಮೆಲ್ಲಗೆ ಒತ್ತುತ್ತಿದ್ದಳು. ಬಾಯಿಯ ಜಾಗದಲ್ಲಿ ಬಿಳಿಯ ತೂತು ಬಿದ್ದು, ಬಣ್ಣ ಗದ್ದದ ಮೇಲೆ ಇಳಿದಿತ್ತು.

"ಏನೇ ಮಾಡ್ತಿದೀಯ?"

"ಅಮ್ಮಮ್ಮನಿಗೆ ನೀರು ಕೊಡ್ತಿದೀನಿ," ಎಂದಳು ಚೂಟಿ, ಹೆದರದೆ. "ಅಜ್ಜಿ ಹಲಗೆ ಮೇಲೆ ಅಮ್ಮಮ್ಮ ಬೆಂಕೀಲಿದ್ರು. ಇದೇ ಗೌನು. ಯಾರೂ ಒಂದು ಹನಿ ನೀರೂ ಕೊಡೋ ಹಾಗಿಲ್ವಂತೆ. ಅದಕ್ಕೇ ಯಾರಿಗೂ ಹೇಳಿಲ್ಲ."

ಸೊಸೆ ಫೋಟೋ ಕಿತ್ತುಕೊಂಡು ಮುಂದಿನ ಕೋಣೆಗೆ ಬಂದಳು. ಟೈಲರಮ್ಮ ಯಾರದೋ ಸ್ಕರ್ಟಿಗೆ ಜಿಪ್ಪು ಹಾಕುತ್ತಿದ್ದಳು. ಮೊದಲ ಎರಡು ಮಾತಿಗೆ ಅವಳಿಗೆ ಏನೂ ತಿಳಿಯಲಿಲ್ಲ. ತಿಳಿದಾಗ ಕಾಲು ಮೆಷಿನ್ನಿನ ಮೇಲೆಯೇ ನಿಂತುಹೋಯಿತು.

"ನಮ್ಮಮ್ಮ ಎಲ್ಲಿದಾಳೆ ಹೇಳಿ ಅತ್ತೆ. ನಿಮಗೆ ಗೊತ್ತಲ್ಲ, ಹೇಳಿ."

ನಾನು ಹೇಳಿದ್ದಲ್ಲ ತಾಯಿ, ಪುಸ್ತಕದಲ್ಲಿರುವುದು ಎಂದಳು ಟೈಲರಮ್ಮ. ಪುಸ್ತಕದಲ್ಲಿ ಹಳದಿ ಗೌನೂ ಇದೆಯೇ ಎಂದು ಸೊಸೆ ಕೇಳಿದಳು. ಬಾಗಿಲ ಮರೆಯಲ್ಲಿ ಚೂಟಿ ಲೋಟ ಹಿಡಿದುಕೊಂಡೇ ನಿಂತಿದ್ದಳು.

"ಕೈಗೆ ಸಿಕ್ಕ ಚೂರು ಕಣಮ್ಮ. ಸಾವಿರ ಚೂರಿದೆ. ಯಾವುದು ಯಾರದು ಅಂತ ನೆನಪಿಟ್ಟುಕೊಳ್ಳಕ್ಕಾಗುತ್ತಾ?"

ಮೂವತ್ತೈದು ವರ್ಷದ ಒಂದೊಂದು ಬಟ್ಟೆಯನ್ನೂ ನೆನಪಿಟ್ಟವಳ ಬಾಯಲ್ಲಿ ಈ ಮಾತು ಬಂತು. ಆಡಿದ ಬಾಯಿಗೇ ಅದು ಕಹಿಯಾಯಿತು. ಇನ್ನು ಮೇಲೆ ಮಗು ಆ ಕ್ಲಾಸಿಗೆ ಬರುವುದಿಲ್ಲ ಎಂದು ಸೊಸೆ ಕಡ್ಡಿ ಮುರಿದ ಹಾಗೆ ಹೇಳಿ ಒಳಗೆ ಹೋದಳು.

ಅಂದಿನಿಂದ ಮನೆಯಲ್ಲಿ ಊಟ ಎರಡು ಪಾಲಾಯಿತು. ಸೊಸೆ ಅಡುಗೆಯನ್ನೇನೂ ನಿಲ್ಲಿಸಲಿಲ್ಲ. ಬೆಳಿಗ್ಗೆ ಬ್ರೆಡ್ಡು, ಮೊಟ್ಟೆ, ಟೀ. ಸಂಜೆ ಅನ್ನ, ಬೇಳೆ, ಆಲೂಗಡ್ಡೆ. ಎಲ್ಲ ಹೊತ್ತಿಗೆ ಸರಿಯಾಗಿ ಆಗುತ್ತಿತ್ತು. ಅತ್ತೆಯ ತಟ್ಟೆಗೆ ಬಡಿಸಿ, ಮುಚ್ಚಿ, ಮೆಷಿನ್ನಿನ ಪಕ್ಕದ ಸ್ಟೂಲಿನ ಮೇಲೆ ಇಟ್ಟು ಹೋಗುವಳು. ಕರೆಯುವುದಿಲ್ಲ, ಬೈಯುವುದಿಲ್ಲ. ಬೈದಿದ್ದರೆ ಟೈಲರಮ್ಮನಿಗೆ ಎಷ್ಟೋ ಹಾಯಾಗಿರುತ್ತಿತ್ತು, ಬೈಗುಳಕ್ಕೆ ಉತ್ತರ ಅವಳ ಬಳಿ ಚೀಲಗಟ್ಟಲೆ ಇತ್ತು. ಬಾಯಿ ಮುಚ್ಚಿಕೊಂಡು ಒಬ್ಬಳೇ ಅನ್ನ ನುಂಗುವುದು ಮಾತ್ರ ಅವಳಿಗೆ ಅಭ್ಯಾಸವಿರಲಿಲ್ಲ.

ಮಗನದು ಲಿಫ್ಟ್ ರಿಪೇರಿಯ ಕೆಲಸ. ಮನೆಯಲ್ಲಿ ಅವನ ಪಾಡು ಅಡಕತ್ತರಿಗೆ ಸಿಕ್ಕ ಅಡಕೆಯದು. ಹೆಂಡತಿಯ ಹತ್ತಿರ ಅಮ್ಮನ ಪರ ಒಂದು ಮಾತು, ಅಮ್ಮನ ಹತ್ತಿರ ಹೆಂಡತಿಯ ಪರ ಒಂದು ಮಾತು ಆಡಿ ಎರಡೂ ಕಡೆ ಬೈಸಿಕೊಂಡ. ನೀನೇ ಹೇಳೋ, ಬೆಂಕಿ ಇದೆಯೋ ಇಲ್ಲವೋ ಎಂದು ಟೈಲರಮ್ಮ ಒಂದು ಬೆಳಿಗ್ಗೆ ಹಿಡಿದು ನಿಲ್ಲಿಸಿದಳು.

"ಅಮ್ಮಾ, ಮೇಲಕ್ಕೆ ಕೆಳಕ್ಕೆ ಓಡಾಡಿಸೋದಷ್ಟೇ ನನ್ನ ಕೆಲಸ. ಯಾರು ಎಲ್ಲಿ ಇಳೀತಾರೆ ಅಂತ ನನ್ನ ಕೇಳಬೇಡ," ಎಂದ ಅವನು. ಬೂಟಿನ ದಾರ ಕಟ್ಟಿಕೊಳ್ಳುತ್ತ ತಲೆ ತಗ್ಗಿಸಿಯೇ ಇನ್ನೊಂದು ಮಾತು ಸೇರಿಸಿದ. "ಅಂಗಡಿ ಹತ್ತಿರ ಎರಡು ರೂಮಿನ ಮನೆ ನೋಡಿ ಬಂದಿದಾಳೆ. ತಿಂಗಳ ಕೊನೆಗೆ ಹೋಗೋಣ ಅಂತಿದಾಳೆ. ನಾನು ಬೇಡ ಅಂದೆ. ನೀವು ಬೇಕಾದ್ರೆ ಇರಿ, ನಾನೂ ಮಗೂನೂ ಹೋಗ್ತೀವಿ ಅಂದ್ಲು."

ಟೈಲರಮ್ಮ ಅಂದು ಒಂದೇ ಅಂಗಿಗೆ ಎರಡು ಎಡಗೈ ತೋಳು ಜೋಡಿಸಿದಳು. ಬಿಚ್ಚಿ ಮತ್ತೆ ಹೊಲಿಯುವಾಗ ಸೂಜಿ ಬೆರಳಿಗೆ ಇಳಿಯಿತು. ಚೂಟಿ ಇಲ್ಲದ ಮನೆಯನ್ನು ಎಣಿಸಿಕೊಂಡು ಅವಳಿಗೆ ಅಳುವೇ ಬಂದುಬಿಟ್ಟಿತು. ಗಿರಾಕಿ ಬಂದದ್ದರಿಂದ ಮೂಗು ಒರೆಸಿಕೊಂಡು, ನೆಗಡಿ ಎಂದಳು.

ಇಷ್ಟರ ನಡುವೆ ಮಗುವಿನ ವಿಷಯ ಬೇರೆಯೇ ದಾರಿ ಹಿಡಿದಿತ್ತು. ಅಮ್ಮಮ್ಮ ಯಾವ ಬೆಂಕಿಯಲ್ಲೂ ಇಲ್ಲ ಎಂದು ತಾಯಿ ಹತ್ತು ಸಲ ಹೇಳಿದಳು. ಚೂಟಿ ತಲೆಯಾಡಿಸಿದಳು, ನಂಬಲಿಲ್ಲ. ಅಮ್ಮನಿಗೆ ಔಷಧಿ ಗೊತ್ತು, ಬೈಬಲ್ಲು ಗೊತ್ತಿರುವುದು ಅಜ್ಜಿಗೆ. ಫೋಟೋ ಬೀರುವಿಗೆ ಹೋದ ಮೇಲೆ ಅವಳು ಸ್ಕೂಲಿಗೆ ಒಯ್ದ ನೀರಿನ ಬಾಟಲಿ ತುಂಬಿದ ಹಾಗೆಯೇ ವಾಪಸು ಬರತೊಡಗಿತು. ಮನೆಯಲ್ಲಿ ಊಟದ ಜೊತೆ ಬಲವಂತಕ್ಕೆ ಎರಡು ಗುಟುಕು, ಅಷ್ಟೆ. ಒಂದು ಸಂಜೆ ಯೂನಿಫಾರ್ಮಿನ ಗುಂಡಿ ಹಾಕಿಸಿಕೊಳ್ಳಲು ಅಜ್ಜಿಯ ಮುಂದೆ ನಿಂತಾಗ ಟೈಲರಮ್ಮ ಕನ್ನಡಕ ಸರಿಮಾಡಿಕೊಂಡು ನೋಡಿದಳು. ಮಗುವಿನ ತುಟಿ ಒಡೆದು ಸಿಪ್ಪೆ ಎದ್ದಿತ್ತು.

"ನೀರು ಯಾಕೆ ಕುಡಿಯಲ್ಲ ಚೂಟಿ?"

"ಅಮ್ಮಮ್ಮನಿಗಿಲ್ಲ. ನಂಗೂ ಬೇಡ."

ಆ ತುಟಿ ನೋಡಿ ಟೈಲರಮ್ಮನಿಗೆ ತನ್ನ ಬಾಯಿಯೇ ಒಣಗಿದಂತಾಯಿತು. ಎರಡು ವರ್ಷದ ಹಿಂದೆ ಅವಳಿಗೆ ಹೊಟ್ಟೆಯ ಆಪರೇಷನ್ ಆಗಿತ್ತು. ಎರಡು ದಿನ ಒಂದು ಗುಟುಕೂ ಕುಡಿಯುವ ಹಾಗಿರಲಿಲ್ಲ. ನಾಲಗೆ ಅಂಗುಳಿಗೆ ಅಂಟಿ, ನೀರು ನೀರು ಎಂದು ಗೋಗರೆದಿದ್ದಳು. ಆಗ ಇದೇ ಬೀಗಿತ್ತಿ ತನ್ನ ಡ್ಯೂಟಿ ಮುಗಿಸಿ, ಮನೆಗೆ ಹೋಗದೆ, ಪಕ್ಕದಲ್ಲೇ ಕೂತು ಹತ್ತಿಯನ್ನು ನೀರಿಗೆ ಅದ್ದಿ ಅದ್ದಿ ಅವಳ ತುಟಿಗೆ ಒತ್ತುತ್ತಿದ್ದಳು. ಬೇಸರವಿಲ್ಲ, ಹೇಸಿಗೆಯಿಲ್ಲ. ಹೊರಗೆ ಬಂದ ಮೇಲೆ ಟೈಲರಮ್ಮ ಅದನ್ನು ಒಮ್ಮೆಯೂ ಬಾಯಿ ಬಿಟ್ಟು ಹೇಳಿರಲಿಲ್ಲ. ಋಣ ತೀರಿತೆಂದುಕೊಂಡು ಒಂದು ಗೌನು ಹೊಲಿದುಕೊಟ್ಟಿದ್ದಳು.

ಅಂದಿನಿಂದ ಮೆಷಿನ್ನಿನ ಮೇಲೆ ಬೈಬಲ್ಲು ಬಂತು. ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣದಲ್ಲಿಯೇ ಪುಟದ ಅಂಚಿಗೆ ಗೆರೆ ಎಳೆಯುತ್ತ ಹೋದಳು. ಬೆಂಕಿ ಎಂದಿರುವಲ್ಲಿ ಕೆಂಪು, ಸತ್ತವರು ಮಲಗಿದ್ದಾರೆ ಎಂದಿರುವಲ್ಲಿ ನೀಲಿ. ಕೆಂಪು ಇತ್ತು, ಇಲ್ಲವೆನ್ನುವ ಹಾಗಿರಲಿಲ್ಲ. ನೀಲಿಯೂ ಅವಳು ಅಂದುಕೊಂಡಿದ್ದಕ್ಕಿಂತ ಹೆಚ್ಚೇ ಇತ್ತು. ಒಂದು ಪುಟದಲ್ಲಿ, ಕೊನೆಯ ದಿನ ನ್ಯಾಯ ತೀರಿಸುವವನು ಜನರನ್ನು ಕುರಿ, ಮೇಕೆಗಳ ಹಾಗೆ ಎರಡು ಪಾಲು ಮಾಡುತ್ತಾನೆ. ಹಸಿದವರಿಗೆ ಉಣ್ಣಲು, ಬಾಯಾರಿದವರಿಗೆ ಕುಡಿಯಲು ಕೊಟ್ಟಿರಾ, ರೋಗಿಗಳನ್ನು ನೋಡಿಕೊಂಡಿರಾ ಎಂಬುದರ ಮೇಲೆಯೇ ಅಲ್ಲಿ ತೀರ್ಪು. ಈ ಪಾಠವನ್ನು ಅವಳು ವರ್ಷವರ್ಷವೂ ಮಾಡಿದ್ದಳು. ಕುರಿ, ಮೇಕೆ ಕತ್ತರಿಸುವ ಗಡಿಬಿಡಿಯಲ್ಲಿ ಪ್ರಶ್ನೆ ಏನೆಂದು ನೋಡಿಯೇ ಇರಲಿಲ್ಲ. ಇದಕ್ಕೆ ಯಾವ ಬಣ್ಣದ ಗೆರೆ ಎಳೆಯುವುದು ಎಂದು ತಿಳಿಯದೆ ಎರಡೂ ಸೀಮೆಸುಣ್ಣ ಕೈಯಲ್ಲಿ ಹಿಡಿದು ಕೂತಳು.

ಶುಕ್ರವಾರ ಪಾಸ್ಟರ ಪ್ಯಾಂಟಿನ ಸೊಂಟ ಬಿಡಿಸಿದ್ದನ್ನು ಕೊಡುವ ನೆಪದಲ್ಲಿ ಅವರ ಮನೆಗೆ ಹೋದಳು. ಅವರು ಅಡುಗೆಮನೆಯ ಸೋರುವ ನಲ್ಲಿಯ ಜೊತೆ ಹೆಣಗುತ್ತಿದ್ದರು. ಹೇಳಬೇಕಾದ್ದನ್ನೆಲ್ಲ ಹೇಳಿದಳು, ಚೂರಿನ ನಿಜವೊಂದನ್ನು ಬಿಟ್ಟು. ಪಾಸ್ಟರು ಕೈ ಒರೆಸಿಕೊಂಡು ಕೂತು ನಿಧಾನವಾಗಿ ವಿವರಿಸಿದರು. ಪಾತಾಳ ಎಂಬ ಮಾತು ಎಷ್ಟೋ ಕಡೆ ಬರೀ ಸತ್ತವರ ಜಾಗ, ಒಳ್ಳೆಯವರೂ ಅಲ್ಲಿಗೇ ಇಳಿಯುತ್ತಾರೆ. ನರಕ ಎಂದು ನಾವು ಓದುವಲ್ಲಿ ಮೂಲದಲ್ಲಿರುವುದು ಊರ ಹೊರಗಿನ ಒಂದು ಕಣಿವೆಯ ಹೆಸರು, ಹಿಂದೆ ಮಕ್ಕಳನ್ನು ಬೆಂಕಿಗೆ ಬಲಿ ಕೊಟ್ಟಿದ್ದ ಕೆಟ್ಟ ಜಾಗ. ಸತ್ತವರಿಗೆ ಏನೂ ತಿಳಿಯದು ಎಂದು ಒಂದು ಕಡೆ ಇದೆ, ಆರದ ಬೆಂಕಿ ಎಂದು ಇನ್ನೊಂದು ಕಡೆ, ಎರಡನೆಯ ಸಾವು ಎಂದು ಮತ್ತೊಂದು ಕಡೆ. ಬೆಂಕಿ ಎಂದೆಂದಿಗೂ ಸುಡುತ್ತದೆ ಎನ್ನುವ ದೊಡ್ಡವರಿದ್ದಾರೆ, ಸುಟ್ಟು ಮುಗಿಸುತ್ತದೆ ಎನ್ನುವ ದೊಡ್ಡವರೂ ಇದ್ದಾರೆ.

"ಹಾಗಾದ್ರೆ ನರಕ ಇಲ್ಲ ಅಂತ ಹೇಳಿಬಿಡ್ಲಾ ಪಾಸ್ಟರೇ?"

"ಹೇಗೆ ಹೇಳ್ತೀರಿ? ಯೇಸುವೇ ಅದರ ಮಾತು ಆಡಿದಾನೆ. ಆದರೆ ಆ ಕಥೆ ಹೇಳಿದ್ದು ಯಾರಿಗೆ? ದುಡ್ಡಿನ ಆಸೆಯವರಿಗೆ. ಬಾಗಿಲಲ್ಲಿ ಬಿದ್ದವನನ್ನ ದಾಟಿಕೊಂಡು ಹೋಗೋರಿಗೆ, ನೀವು ಮನಸ್ಸು ತಿರುಗಿಸಿಕೊಳ್ಳಿ ಅಂತ. ಮಕ್ಕಳಿಗೆ ಅವರ ಅಜ್ಜಿ ವಿಚಾರ ಹೇಳಿದ್ದಲ್ಲ." ಪಾಸ್ಟರು ಪ್ಯಾಂಟನ್ನು ಮಡಿಸಿ ಪಕ್ಕಕ್ಕಿಟ್ಟರು. "ನಾನು ನಾನೂರು ಜನರನ್ನ ಮಣ್ಣು ಮಾಡಿದೀನಿ ಅಮ್ಮ. ಯಾರು ಎಲ್ಲಿಗೆ ಅನ್ನೋ ಪಟ್ಟೀನ ಇವತ್ತಿನವರೆಗೂ ಯಾರೂ ನನ್ನ ಕೈಗೆ ಕೊಟ್ಟಿಲ್ಲ. ನಿಮ್ಮ ಕೈಗೆ ಕೊಟ್ಟಿದಾರಾ?"

ತನ್ನ ಬೆನ್ನು ತನಗೆ ಕಾಣದು ಎನ್ನುತ್ತಾರೆ. ಹಿಂತಿರುಗುವ ದಾರಿಯುದ್ದಕ್ಕೂ ಟೈಲರಮ್ಮನಿಗೆ ಕಂಡದ್ದು ಅದೊಂದೇ. ಯಾರೂ ಪಟ್ಟಿ ಕೊಟ್ಟಿರಲಿಲ್ಲ, ಇವಳೇ ಒಂದು ಪಟ್ಟಿ ಮಾಡಿ, ಕತ್ತರಿಸಿ, ಉಪ್ಪುಕಾಗದ ಅಂಟಿಸಿ ನಿಲ್ಲಿಸಿದ್ದಳು.

ಮರುದಿನ ಶನಿವಾರ. ಸೊಸೆ ತಾರಸಿಯ ಮೇಲೆ ಬಟ್ಟೆ ಹರವುತ್ತಿದ್ದಳು. ಮಂಡಿನೋವಿನ ಟೈಲರಮ್ಮ ಮೂರು ಕಡೆ ನಿಂತು, ಏದುಸಿರು ಬಿಡುತ್ತ ಮೇಲೆ ಹತ್ತಿದಳು. ಸೊಸೆ ತಿರುಗಿ ನೋಡಿ ಮತ್ತೆ ಹಗ್ಗದ ಕಡೆ ಮುಖ ಮಾಡಿದಳು. ಟೈಲರಮ್ಮ ಬಕೆಟ್ಟಿನಿಂದ ಒಂದು ಹಾಸಿಗೆ ಬಟ್ಟೆ ಎತ್ತಿದಳು. ಅದು ಒಬ್ಬರ ಕೈಗೆ ಬಗ್ಗುವಂಥದಲ್ಲ. ಇಬ್ಬರೂ ಎರಡು ತುದಿ ಹಿಡಿದು ಹಿಂಡಿದರು. ನೀರು ಸೋರಿ ಕಾಲ ಮೇಲೆ ಬಿತ್ತು.

"ಆ ಚೂರು..." ಎಂದಳು ಟೈಲರಮ್ಮ.

ಸೊಸೆ ತನ್ನ ತುದಿಯನ್ನು ಬಿಡದೆ ಹಿಡಿದಿದ್ದಳು.

"ಕೈಗೆ ಸಿಕ್ಕಿದ್ದು ನಿಜ. ಯಾರದು ಅಂತ ಗೊತ್ತಿತ್ತು. ಗೊತ್ತಿದ್ದೇ ಕತ್ತರಿಸಿದೆ."

ಏಕೆ ಎಂದು ಸೊಸೆ ಕೇಳಿದ್ದು ಕೇಳಿಯೂ ಕೇಳದಷ್ಟು ಮೆತ್ತಗೆ. ನಿಮ್ಮಮ್ಮನ ನಗು ಚುಚ್ಚುತ್ತಿತ್ತು ಎಂದಳು ಟೈಲರಮ್ಮ. ಇಪ್ಪತ್ತೆರಡು ವರ್ಷ ಭಾನುವಾರ ತಪ್ಪಿಸದ ತನಗಿಂತ, ಒಂದು ಭಾನುವಾರವೂ ಬಾರದ ಅವಳು ನಿಶ್ಚಿಂತೆಯಾಗಿದ್ದಳಲ್ಲ ಎಂಬ ಹೊಟ್ಟೆಕಿಚ್ಚು. ಸತ್ತ ಮೇಲಾದರೂ ತಾನು ಗೆದ್ದೆ ಎನ್ನಿಸಿಕೊಳ್ಳುವ ಆಸೆ. ಆಪರೇಷನ್ನಿನ ಎರಡು ದಿನದ ಹತ್ತಿಯ ಕಥೆಯನ್ನೂ ಹೇಳಿದಳು. ಹೇಳುತ್ತ ಹೇಳುತ್ತ ಒದ್ದೆ ಬಟ್ಟೆಯನ್ನೇ ಕಣ್ಣಿಗೆ ಒತ್ತಿಕೊಂಡಳು.

"ಅಮ್ಮ ಇದನ್ನ ನನಗೆ ಹೇಳೇ ಇಲ್ಲ," ಎಂದಳು ಸೊಸೆ.

"ಹೇಳಬೇಕಾದವಳು ನಾನು. ನಾನೂ ಹೇಳಲಿಲ್ಲ."

ಕೆಳಗೆ ಬೀದಿಯಲ್ಲಿ ಯಾರೋ ಸ್ಕೂಟರು ಒದೆಯುತ್ತಿದ್ದರು, ಅದು ಹತ್ತುತ್ತಿರಲಿಲ್ಲ. ಸೊಸೆ ಹಾಸಿಗೆ ಬಟ್ಟೆಯನ್ನು ಹಗ್ಗಕ್ಕೆ ಹಾಕಿ, ಕ್ಲಿಪ್ಪು ಸಿಕ್ಕಿಸಿ, ಸುಕ್ಕು ತೀಡಿದಳು.

"ನನಗೆ ಹೇಳಿದ್ರೆ ಆಗಲ್ಲ ಅತ್ತೆ. ನಾನು ಹೇಳಿದ್ದನ್ನ ಅವಳು ನಂಬಲ್ಲ. ನಾಳೆ ಕರ್ಕೊಂಡು ಬರ್ತೀನಿ. ಅದೇ ಕ್ಲಾಸಲ್ಲಿ, ಅದೇ ಮಕ್ಕಳ ಮುಂದೆ ಹೇಳಿ. ಆಮೇಲೆ ಮನೆ ವಿಚಾರ ನೋಡೋಣ."

ಭಾನುವಾರ ಹದಿನಾರು ಮಕ್ಕಳು ಬಂದಿದ್ದವು. ಸೊಸೆ ಚೂಟಿಯನ್ನು ಒಳಗೆ ಬಿಟ್ಟು ಬಾಗಿಲ ಹೊರಗೆ ಚಪ್ಪಲಿಗಳ ಪಕ್ಕದಲ್ಲೇ ನಿಂತಳು. ಟೈಲರಮ್ಮ ಹಲಗೆಯನ್ನು ಗೋಡೆಗೆ ಮುಖ ಮಾಡಿಸಿ ಇಟ್ಟಿದ್ದಳು. ಕಥೆ ಎಲ್ಲಿ ಎಂದು ಮಕ್ಕಳು ಗಲಾಟೆ ಎಬ್ಬಿಸಿದವು. ಇವತ್ತು ಕಥೆಯಲ್ಲ, ನನ್ನದೇ ಒಂದು ತಪ್ಪು ಹೇಳುತ್ತೇನೆ ಎಂದ ಕೂಡಲೇ ಎಲ್ಲ ಗಪ್‌ಚಿಪ್ಪಾದವು. ದೊಡ್ಡವರ ತಪ್ಪು ಕೇಳಲು ಯಾವ ಮಗುವಿಗೆ ಆಸೆಯಿಲ್ಲ?

ಅವಳು ಹೇಳಿದಳು. ಬೆಂಕಿಯ ಮಾತು ಬೈಬಲ್ಲಿನಲ್ಲಿ ಇದೆ, ಅದನ್ನು ನಾನು ಅಳಿಸಲಾರೆ. ಆದರೆ ಅದರೊಳಗೆ ಹೂವಿನ ಬಟ್ಟೆಯ ಹೆಂಗಸನ್ನು ನಿಲ್ಲಿಸಿದ್ದು ಬೈಬಲ್ಲಲ್ಲ, ನಾನು. ಸತ್ತವರಲ್ಲಿ ಯಾರು ಎಲ್ಲಿದ್ದಾರೆ ಎಂದು ನನಗೆ ಗೊತ್ತಿಲ್ಲ, ಹೇಳುವ ಅಧಿಕಾರವೂ ಇಲ್ಲ. ಅದು ದೇವರ ಕೆಲಸ, ದೇವರು ಅನ್ಯಾಯ ಮಾಡುವವನಲ್ಲ. ಆ ಚೂರು ಕೈಗೆ ಸಿಕ್ಕಿದ್ದು ಅಷ್ಟೇ ಎಂದು ಆಮೇಲೆ ಸುಳ್ಳು ಬೇರೆ ಹೇಳಿದೆ. ಇಪ್ಪತ್ತೆರಡು ವರ್ಷದಲ್ಲಿ ಆ ಕೋಣೆಯಲ್ಲಿ ಅವಳು ನನಗೆ ಗೊತ್ತಿಲ್ಲ ಎಂದದ್ದು ಅದೇ ಮೊದಲು.

ಚೂಟಿ ಎದ್ದು ನಿಂತಳು. "ಹಾಗಾದ್ರೆ ಅಮ್ಮಮ್ಮನಿಗೆ ಬಾಯಾರಿಕೆ ಆಗ್ತಿದೆಯಾ ಇಲ್ವಾ?"

"ಅವರು ಇದ್ದಷ್ಟು ದಿನ ಬಾಯಾರಿದವರಿಗೆ ನೀರು ಕೊಟ್ಟವರು ಕಂದ. ನಂಗೂ ಕೊಟ್ಟಿದಾರೆ. ಅದನ್ನ ಮರೆತುಬಿಟ್ಟದ್ದು ನಾನು, ದೇವರು ಮರೆಯಲ್ಲ. ಅಷ್ಟು ನನಗೆ ಗೊತ್ತು. ಅದರಿಂದಾಚೆ ಗೊತ್ತಿಲ್ಲ."

ಚೂಟಿ ಅದನ್ನು ಯೋಚಿಸಿದಳು. ಮುಖದ ಗಂಟು ಅರ್ಧ ಸಡಿಲವಾಗಿ ಮತ್ತೆ ಬಿಗಿಯಾಯಿತು.

"ಸುಳ್ಳು ಹೇಳೋರು ಬೆಂಕಿಗೆ ಹೋಗ್ತಾರೆ ಅಂತ ನೀನೇ ಹೇಳಿದ್ದೆ. ನೀನು ಸುಳ್ಳು ಹೇಳಿದೀಯ. ನೀನೂ ಹೋಗ್ತೀಯಾ ಅಜ್ಜಿ?"

ಹೇಳಿದ್ದು ಹೌದು, ಪ್ರತಿ ವರ್ಷ ಹೇಳಿದ್ದಳು. ಹದಿನಾರು ಜೊತೆ ಕಣ್ಣು ಅವಳನ್ನೇ ನೋಡುತ್ತಿದ್ದವು. ಮೊಮ್ಮಗಳ ಗದ್ದ ನಡುಗತೊಡಗಿತ್ತು. ಟೈಲರಮ್ಮ ಅವಳ ಕಡೆ ಬಾಗಿದಳು. ತನ್ನ ವಿಷಯದಲ್ಲೂ ತನಗೆ ಗೊತ್ತಿಲ್ಲ ಎಂದು ಈ ಮಗುವಿಗೆ ಹೇಗೆ ಹೇಳುವುದು?

ಬಾಗಿಲ ಬಳಿ ಚಪ್ಪಲಿ ಬಿಟ್ಟ ಸದ್ದಾಯಿತು. ಸೊಸೆ ಒಳಗೆ ಬಂದು, ಮಕ್ಕಳ ನಡುವೆ ದಾರಿ ಮಾಡಿಕೊಂಡು, ಮಗಳ ಕೈ ಹಿಡಿದುಕೊಂಡಳು. ಇನ್ನೊಂದು ಕೈಯನ್ನು ಅತ್ತೆಯ ಕಡೆ ಚಾಚಿದಳು.

"ಇಲ್ಲ ಕಣೇ," ಎಂದಳು ಅವಳು. "ಅಜ್ಜಿ ನಮ್ಮ ಜೊತೆ ಮನೆಗೆ ಬರ್ತಾರೆ. ಏಳಿ ಅತ್ತೆ, ಊಟಕ್ಕೆ ಹೊತ್ತಾಯ್ತು."